ಹೂ ಬಿಡ್ತಾ ನಿಮ್ಮದು?

ಮೊದಲೆಲ್ಲ ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಕೊಡುತ್ತಿದ್ದರು. ಒಂದೇ ಮನೆಗೆ ಏಳೆಂಟು ಗಡಿಯಾರ, ಒಂದೊಂದರದ್ದು ಒಂದೊಂದು ಟೈಮು. ಈಗ ಬೆಂಗಳೂರಿನವರಿಗೆ ಬುದ್ಧಿ ಬಂದಿದೆ, ಆರ್ಕಿಡ್ ಕೊಡುತ್ತಾರೆ. ಬಂದ ನೆಂಟರಲ್ಲಿ ಒಬ್ಬರಾದರೂ ಅದರ ದಳವನ್ನು ಉಗುರಲ್ಲಿ ಚಿವುಟಿ ನೋಡಿ, "ಅಯ್ಯೋ, ನಿಜವಾದ್ದು ಕಣ್ರೀ!" ಅನ್ನದೆ ಊಟಕ್ಕೆ ಕೂರುವುದಿಲ್ಲ. ಅವರದ್ದೇನೂ ತಪ್ಪಿಲ್ಲ. ಬೆಳಿಗ್ಗೆ ಮುಡಿದ ಮಲ್ಲಿಗೆ ಸಂಜೆಗೆ ಕಂದುವುದನ್ನು ನೋಡಿಕೊಂಡು ಬಂದವರು, ಎರಡು ಮೂರು ತಿಂಗಳು ಬಾಡದೆ ನಿಲ್ಲುವ ಹೂವನ್ನು ಹೇಗೆ ನಂಬಿಯಾರು?

ಗಡಿಯಾರ ಕೊಟ್ಟವರು ಅದು ನಡೀತಿದೆಯಾ ಅಂತ ಯಾವತ್ತೂ ಕೇಳುತ್ತಿರಲಿಲ್ಲ. ಆರ್ಕಿಡ್ ಕೊಟ್ಟವರು ಬಿಡುವವರಲ್ಲ. ಹೂವೆಲ್ಲ ಉದುರಿ, ನಾಲ್ಕು ದಪ್ಪ ಎಲೆ ಮತ್ತು ಒಂದು ಒಣಕಡ್ಡಿ ಉಳಿದ ಮೇಲೆ, ಹೊಸದಾಗಿ ಮದುವೆಯಾದವರನ್ನು "ಏನಾದ್ರೂ ವಿಶೇಷ?" ಅಂತ ಕೇಳುವ ಅದೇ ರಾಗದಲ್ಲಿ ಶುರುಮಾಡುತ್ತಾರೆ: "ಹೂ ಬಿಡ್ತಾ ನಿಮ್ಮದು?" ಇಲ್ಲ ಅಂದರೆ ಸಲಹೆ, ಇನ್ನೂ ಇಲ್ಲ ಅಂದರೆ ಅನುಕಂಪ.

ಹೀಗೆ ರಿಬ್ಬನ್ ಕಟ್ಟಿಕೊಂಡು ಬರುವುದು ಹೆಚ್ಚಾಗಿ ಫೆಲನಾಪ್ಸಿಸ್. ಇದರ ಪೂರ್ವಿಕರು ಫಿಲಿಪ್ಪೀನ್ಸ್, ಇಂಡೋನೇಷ್ಯಾ ಕಡೆಯ ಕಾಡುಗಳಲ್ಲಿ ಮರದ ತೊಗಟೆಗೆ ಬೇರು ಅಂಟಿಸಿಕೊಂಡು, ನೆಲ ಮುಟ್ಟದೆ ಬದುಕಿದವರು. ಬಂದಳಿಕೆಯ ಹಾಗೆ ಮರದ ರಸ ಹೀರುವ ಬುದ್ಧಿ ಇದಕ್ಕಿಲ್ಲ. ಮಳೆ ಬಂದಾಗ ಕುಡಿಯುತ್ತದೆ, ಗಾಳಿಗೆ ಒಣಗುತ್ತದೆ, ಮುಂದಿನ ಮಳೆಗೆ ಕಾಯುತ್ತದೆ. ಇಂಥದ್ದು ಬಂದು ನಮ್ಮ ಕೈಗೆ ಸಿಗಬೇಕೇ! ನಮ್ಮಲ್ಲಿ ಗಿಡದ ಮೇಲೆ ಪ್ರೀತಿ ಅಂದರೆ ನೀರು. ಬೆಳಿಗ್ಗೆ ಯಜಮಾನರು ಪೇಪರ್ ಹಿಡಿದುಕೊಂಡೇ ಒಂದು ಲೋಟ ಸುರಿಯುತ್ತಾರೆ. ಹತ್ತು ಗಂಟೆಗೆ ಕೆಲಸದವರು ಬಂದು, ಹೇಳದೇ ಇದ್ದರೂ ಒಂದು ಚೊಂಬು. ಮಧ್ಯಾಹ್ನ ಅಜ್ಜಿ "ಪಾಪ, ಒಣಗಿದೆ" ಅಂತ ಅಕ್ಕಿ ತೊಳೆದ ನೀರು. ಮೂವರಿಗೂ ಪುಣ್ಯ, ಗಿಡಕ್ಕೆ ವೈಕುಂಠ.

ತಮಾಷೆ ಏನು ಗೊತ್ತೇ? ನೀರು ಹೆಚ್ಚಾಗಿ ಬೇರು ಕೊಳೆತರೆ ಅದು ನೀರೆಳೆಯುವುದನ್ನು ನಿಲ್ಲಿಸುತ್ತದೆ. ಆಗ ಎಲೆ ಸುಕ್ಕಾಗಿ ಜೋತುಬೀಳುತ್ತದೆ, ಥೇಟ್ ಬಾಯಾರಿದ ಗಿಡವೇ. ಅದನ್ನು ನೋಡಿ ಕರುಳು ಚುರ್ ಅಂದು, ಇನ್ನೊಂದು ಚೊಂಬು! ಇದನ್ನು ತಪ್ಪಿಸಲೆಂದೇ ಪಾರದರ್ಶಕ ಕುಂಡ ಕೊಟ್ಟಿರುತ್ತಾರೆ. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪದರವಿದೆ. ಅದು ಬೆಳ್ಳಿಬಣ್ಣಕ್ಕೆ ತಿರುಗಿದರೆ ನೀರು ಬೇಕು, ಹಸಿರಾಗಿದ್ದರೆ ಸುಮ್ಮನಿರಬೇಕು. ಆದರೆ ನಾವು ಆ ಕುಂಡವನ್ನು ಚಂದದ ಪಿಂಗಾಣಿ ಪಾತ್ರೆಯೊಳಗೆ ಇಳಿಸಿ, ತಳದಲ್ಲಿ ನೀರು ನಿಲ್ಲಿಸಿ, ಮೇಲಿನಿಂದ ಎಲೆ ಒರೆಸುತ್ತೇವೆ. ಅಮೆರಿಕದಲ್ಲಿ ವಾರಕ್ಕೆ ಮೂರು ಐಸ್‌ಕ್ಯೂಬ್ ಇಡಿ ಎಂದು ಹೇಳಿ ಮಾರುವವರಿದ್ದಾರೆ. ಕೇಳಿ ನಗಬೇಡಿ. ಐಸಿನ ಗುಟ್ಟು ತಂಪಿನಲ್ಲಿಲ್ಲ, ಅಳತೆಯಲ್ಲಿದೆ. ಅದನ್ನು ಚೊಂಬಿನಲ್ಲಿ ಸುರಿಯಲು ಯಾರಿಗೂ ಮನಸ್ಸು ಬಾರದು.

ಇನ್ನು ಕೆಲವರಿಗೆ ಕುಂಡದಲ್ಲಿ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ಕಂಡರೆ ಅಂಗಡಿಯವನು ಮೋಸ ಮಾಡಿದ ಅಂತಲೇ ಅನಿಸುತ್ತದೆ. "ಮಣ್ಣೇ ಹಾಕಿಲ್ಲ ನೋಡಿ ಲುಚ್ಚಾ" ಅಂದು ಕೆಂಪುಮಣ್ಣು, ಸಗಣಿಗೊಬ್ಬರ ಕಲಸಿ ತುಂಬುತ್ತಾರೆ. ಬೇರಿಗೆ ಉಸಿರಾಡಲು ಬಿಟ್ಟ ಸಂದಿಗಳೆಲ್ಲ ಅಲ್ಲಿಗೆ ಮುಚ್ಚಿದಂತೆ. ಕುಂಡದಿಂದ ಆಚೆ ಚಾಚಿದ ಬೇರನ್ನು ಅಸಹ್ಯ ಅಂತ ಕತ್ತರಿಸುವ ಶಿಸ್ತಿನ ಮನೆಗಳೂ ಉಂಟು.

ಸರಿ, ಗಿಡ ಇಷ್ಟನ್ನೂ ದಾಟಿ ಬದುಕಿತು ಅನ್ನೋಣ. ಹೂವು? ಅದಕ್ಕೆ ಬೇಕಾದ್ದು ಎರಡು. ಮೊದಲನೆಯದು ಬೆಳಕು. ಎಲೆ ಕಡುಹಸಿರಾಗಿದ್ದರೆ ಮನೆಯವರು ಹಿಗ್ಗುತ್ತಾರೆ, ಅದು ಬೆಳಕಿಲ್ಲದೆ ಸೊರಗಿದ ಗುರುತು. ಚಪ್ಪಲಿ ಸ್ಟ್ಯಾಂಡಿನ ಮೇಲಿನಿಂದ ಪೂರ್ವದ ಕಿಟಕಿಗೆ ತಂದರೆ ತಿಳಿಹಸಿರಿಗೆ ಬರುತ್ತದೆ. ಎರಡನೆಯದು ಚಳಿ. ಮೂರು ನಾಲ್ಕು ವಾರ ರಾತ್ರಿಯ ಉಷ್ಣತೆ 15ರಿಂದ 18 ಡಿಗ್ರಿಯ ಆಸುಪಾಸಿಗೆ ಇಳಿದರೆ ಗಿಡಕ್ಕೆ ಹೂಬಿಡುವ ನೆನಪಾಗುತ್ತದೆ. ದೊಡ್ಡ ಬೆಳೆಗಾರರು ಇದಕ್ಕೆಂದೇ ಹಸಿರುಮನೆಗಳನ್ನು ತಣ್ಣಗಾಗಿಸಲು ದುಡ್ಡು ಸುರಿಯುತ್ತಾರೆ. ಬೆಂಗಳೂರಿಗೆ ಡಿಸೆಂಬರ್, ಜನವರಿಯಲ್ಲಿ ಅದು ಬಿಟ್ಟಿ! ಆದರೆ ಸರಿಯಾಗಿ ಅದೇ ಹೊತ್ತಿಗೆ ಮಂಕಿಕ್ಯಾಪ್ ಹಾಕಿಕೊಂಡ ತಾತ ಬಾಲ್ಕನಿಗೆ ಬಂದು, "ಪಾಪ, ಚಳೀಲಿ ನಿಂತಿದೆ" ಅಂತ ಕುಂಡವನ್ನು ಒಳಗೆ ತಂದು ಟಿವಿ ಪಕ್ಕ ಬೆಚ್ಚಗೆ ಇಡುತ್ತಾರೆ. ಇನ್ನೊಂದು ವರ್ಷ ಎಲೆಯನ್ನೇ ನೋಡಿ.

ಮಂಗಳೂರಿನವರಿಗೆ ಈ ಚಳಿಯ ಭಾಗ್ಯವಿಲ್ಲ. ಅವರಿಗೆ ಡೆಂಡ್ರೋಬಿಯಂ ಅನ್ನುವ ಇನ್ನೊಂದು ಆರ್ಕಿಡ್ ವಾಸಿ. ಒಳ್ಳೆಯ ಬೆಳಕು ಕೊಟ್ಟರೆ ಸೆಕೆಗೆ ಅಂಜುವುದಿಲ್ಲ. ಅದರ ಎಲೆಯುದುರಿದ ಹಳೇ ಕಾಂಡವನ್ನು ಸತ್ತಿತು ಅಂತ ಕತ್ತರಿಸದಿದ್ದರೆ, ಅದರಲ್ಲೂ ಒಂದು ಗೊಂಚಲು ಬಂದೀತು.

ಮಲೆನಾಡಿನವರ ಮುಂದೆ ಮಾತ್ರ ಈ ಪುರಾಣ ತೆಗೆಯಬೇಡಿ. ಅವರ ಹಿತ್ತಲಿನ ಹಲಸಿನ ಮರದಲ್ಲಿ ಸೀತಾಳೆದಂಡೆಯೆಂಬ ಕಾಡು ಆರ್ಕಿಡ್ ಯಾರ ಉಪಚಾರವೂ ಇಲ್ಲದೆ, ಮುಂಗಾರಿನ ಹೊತ್ತಿಗೆ ಮೊಳದುದ್ದ ಜೋತಾಡುತ್ತಿರುತ್ತದೆ. ಆರ್ಕಿಡ್ ಸೇವೆ ಅವರು ಮಾಡಿಲ್ಲವೆಂದಲ್ಲ. ವೆನಿಲ್ಲಾ ಕೂಡ ಆರ್ಕಿಡ್ಡೇ. 2003ರ ಸುಮಾರಿಗೆ ಅದರ ರೇಟು ಆಕಾಶಕ್ಕೇರಿದಾಗ ದಿನಾ ಬೆಳಿಗ್ಗೆ ಕಡ್ಡಿ ಹಿಡಿದು ಹೂಹೂವಿಗೂ ಪರಾಗಸ್ಪರ್ಶ ಮಾಡಿಸಿದವರು ಅವರು. ಆಮೇಲೆ ರೇಟು ನೆಲಕಚ್ಚಿತು. ಅಂಥವರಿಗೆ "ನಮ್ಮ ಆರ್ಕಿಡ್ ಮುನಿಸಿಕೊಂಡಿದೆ" ಅಂದರೆ ಕವಳ ಉಗುಳಲು ಎದ್ದುಹೋಗುತ್ತಾರೆ.

ಕೊನೆಗೊಂದು ದಿನ ಎಲೆಯ ಬುಡದಲ್ಲಿ ಏನೋ ಹಸಿರು ತುದಿ ಇಣುಕುತ್ತದೆ. ಫ್ಯಾಮಿಲಿ ಗ್ರೂಪಿಗೆ ಫೋಟೋ ಹೋಗುತ್ತದೆ, ಬೇರೋ, ಹೂಕಡ್ಡಿಯೋ? ತುದಿ ನುಣ್ಣಗೆ ದುಂಡಗಿದ್ದರೆ ಬೇರು. ತುಸು ಚಪ್ಪಟೆಯಾಗಿ, ಓರೆಯಾಗಿ ಮೇಲಕ್ಕೆ ಮುಖ ಮಾಡಿದ್ದರೆ ಬಾಯಿ ಸಿಹಿ ಮಾಡಿಕೊಳ್ಳಿ. ಹೂವಿಗೆ ಇನ್ನೂ ಎರಡು ಮೂರು ತಿಂಗಳಿದೆ, ಇರಲಿ. ಅಷ್ಟರವರೆಗೆ ಕುಂಡ ತಿರುಗಿಸಬಾರದು. ಕಡ್ಡಿ ಬೆಳಕಿನ ಕಡೆ ಬಾಗುವುದರಿಂದ ದಿಕ್ಕು ಬದಲಾದರೆ ತಿರುಚಿಕೊಳ್ಳುತ್ತದೆ. ವಾಸ್ತು ಬಲ್ಲ ಚಿಕ್ಕಪ್ಪನನ್ನು ಈ ಅವಧಿಯಲ್ಲಿ ಮನೆಗೆ ಕರೆಯದಿರುವುದು ಕ್ಷೇಮ. ಮೊಗ್ಗು ಅರಳುವ ಮೊದಲೇ ಹಳದಿಯಾಗಿ ಉದುರಿದರೆ ಪಕ್ಕದ ಮನೆಯಾಕೆಯ ದೃಷ್ಟಿ ತಾಗಿತು ಅನ್ನುತ್ತಾರೆ. ಊಟದ ಮೇಜಿನ ಮೇಲೆ ಪಕ್ಕದಲ್ಲೇ ಪುಟ್ಟಬಾಳೆ ಹಣ್ಣಾಗುತ್ತಿರುತ್ತದೆ. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ನಿಲ್ಲುವುದಿಲ್ಲ. ದೃಷ್ಟಿ ತೆಗೆಯುವ ಮೊದಲು ಆ ಚಿಪ್ಪು ತೆಗೆಯಿರಿ.

ಹೂ ಅರಳಿದ ಮೇಲೆ ಅದೇ ಪಕ್ಕದ ಮನೆಯಾಕೆ ಬಂದೇ ಬರುತ್ತಾರೆ. "ಚೆನ್ನಾಗಿದೆ ರೀ, ಒಂದು ಕಡ್ಡಿ ಮುರಿದುಕೊಡಿ, ನೆಡ್ತೀನಿ." ದಾಸವಾಳವೋ ಗುಲಾಬಿಯೋ ಆಗಿದ್ದರೆ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಫೆಲನಾಪ್ಸಿಸ್ ಕಡ್ಡಿ ನೆಟ್ಟರೆ ಬೇರು ಬಿಡುವುದಿಲ್ಲ, ಧೈರ್ಯವಾಗಿ ಹೇಳಿ. ಹಳೇ ಹೂಕಡ್ಡಿಯ ಗೆಣ್ಣಿನಲ್ಲಿ ಅಪರೂಪಕ್ಕೆ ಬೇರುಸಮೇತ ಒಂದು ಮರಿಗಿಡ ಹುಟ್ಟುವುದುಂಟು. ಅದು ಹುಟ್ಟಿದರೆ, ಆಕೆ ಬಂದಾಗ ಕುಂಡವನ್ನು ಪರದೆಯ ಹಿಂದಕ್ಕೆ ಸ್ವಲ್ಪ ಸರಿಸಿ. ತಿರುಗಿಸದೆ.