ನೂರು ಡಿಗ್ರಿಯ ಹುಡುಗ

ನನ್ನ ಬಾಮೈದನ ಲ್ಯಾಪ್‌ಟಾಪಿನ ಬೆನ್ನು ನೋಡಿರುವಷ್ಟು ಅದರ ಮುಖ ನಾನು ನೋಡಿಲ್ಲ. ಮಾವನವರ ಮನೆಗೆ ಯಾವಾಗ ಹೋದರೂ ಅದು ಊಟದ ಮೇಜಿನ ಮೇಲೆ ಬೋರಲು ಬಿದ್ದಿರುತ್ತದೆ. ತಳದ ಮುಚ್ಚಳ ಒಂದು ಕುರ್ಚಿಯಲ್ಲಿ, ಬ್ಯಾಟರಿ ಇನ್ನೊಂದು ಕುರ್ಚಿಯಲ್ಲಿ. ಮನೆಗೆ ಬಂದ ಅಳಿಯ ನಿಂತುಕೊಂಡೇ ಕಾಫಿ ಕುಡಿಯಬೇಕು. 2013ರ ಗೇಮಿಂಗ್ ಲ್ಯಾಪ್‌ಟಾಪ್ ಅದು. ನಾಲ್ಕು ಕೆಜಿಗೆ ಮೇಲೆ ತೂಗುತ್ತದೆ, 240 ವಾಟ್ ಅಡಾಪ್ಟರಿನ ತೂಕ ಬೇರೆ. ಗೇಮಿಂಗ್ ಅಂದೆನಲ್ಲ, ಅದರಲ್ಲಿ ಅವನು ಗೇಮ್ ಆಡಿದ್ದನ್ನು ಮಾತ್ರ ಮನೆಯಲ್ಲಿ ಯಾರೂ ಕಂಡಿಲ್ಲ.

ಇಂಥವರು ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಬ್ಬರಾದರೂ ಇದ್ದಾರೆ. ಗುರುತು ಹಿಡಿಯುವುದು ಕಷ್ಟವಲ್ಲ, ಕುಶಲ ಕೇಳಿದರೆ ಸಾಕು. "ಹೇಗಿದ್ದೀಯೋ?" ಎಂದು ನನ್ನ ಹೆಂಡತಿ ಫೋನಿನಲ್ಲಿ ಕೇಳಿದರೆ, "ಐಡಲ್‌ನಲ್ಲಿ ಐವತ್ತು, ಲೋಡ್‌ನಲ್ಲಿ ತೊಂಬತ್ತನಾಲ್ಕು ಅಕ್ಕಾ" ಅಂದಿದ್ದ. ಅವಳು ಅದನ್ನು ಅಪ್ಪನ ಬಿ.ಪಿ. ಅಂದುಕೊಂಡು, ಇಷ್ಟು ಇಳಿದುಹೋಯಿತೇ ಎಂದು ಎಳನೀರು ಹಿಡಿದು ಆಟೋ ಹತ್ತಿದಳು.

ದೋಷ ವಂಶದ್ದು. ಮಾವನವರು ಯೆಜ್ಡಿ ಕಾಲದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ಅವರ ಭಾನುವಾರದ ಕಾರ್ಬ್ಯುರೇಟರ್ ಸೇವೆ ನಿಲ್ಲಲಿಲ್ಲ. ಜೆಟ್ ತೊಳೆದು, ಪಾಯಿಂಟ್ ಗ್ಯಾಪ್ ನೋಡಿ, ಕಿಕ್ ಹೊಡೆದು, ಕಣ್ಣು ಮುಚ್ಚಿ ಶಬ್ದ ಕೇಳಿ, "ಈಗ ಸರಿಹೋಯ್ತು" ಎಂದು ಆಫ್ ಮಾಡಿ ಹಳೇ ಬೆಡ್‌ಶೀಟ್ ಹೊದಿಸುತ್ತಿದ್ದರಂತೆ. ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಹೀಗಾಗಿ ಮಗನನ್ನು ಬೈಯುವ ನೈತಿಕ ಹಕ್ಕು ಆ ಮನೆಯಲ್ಲಿ ಅತ್ತೆಯೊಬ್ಬರಿಗೇ ಉಳಿದಿರುವುದು.

ಕಾಯಿಲೆ ಏನೆಂದರೆ, ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕೆಂದು ಕಂಪನಿ ಗೊತ್ತುಮಾಡಿರುತ್ತದೆ. 100 ಮೆಗಾಹರ್ಟ್ಸ್ ಮೂಲ ಬಡಿತ, ಅದಕ್ಕೊಂದು ಗುಣಕ. ಗುಣಕ 34 ಆದರೆ 3.4 ಗಿಗಾಹರ್ಟ್ಸ್. ನಾವು ನೀವು ಅಷ್ಟಕ್ಕೆ ತೃಪ್ತರು. ಇವನಿಗೆ 34 ಕಂಡ ಕೂಡಲೇ 42 ಯಾಕಾಗಬಾರದು ಅನ್ನಿಸುತ್ತದೆ. 1998ರಲ್ಲಿ 300 ಮೆಗಾಹರ್ಟ್ಸ್‌ನ ಸೆಲೆರಾನ್ ಚಿಪ್ಪನ್ನು 450ಕ್ಕೆ ಓಡಿಸಿದವರ ಕಥೆ, ಆಮೇಲೆ ಎಎಂಡಿ ಅಥ್ಲಾನ್ ಮೇಲೆ ಸೀಸದ ಪೆನ್ಸಿಲಿನಿಂದ ಗೆರೆ ಎಳೆದು ಗುಣಕದ ಬೀಗ ತೆಗೆದವರ ಕಥೆ, ಎಲ್ಲವನ್ನೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಮೊದಲಿದ್ದದ್ದು ಐ7-4700ಎಂಕ್ಯೂ, 47 ವಾಟ್‌ನದು. ಅದರ ಗುಣಕವನ್ನು ಬೇಕಾದಷ್ಟು ಏರಿಸಲು ಇಂಟೆಲ್ ಬಿಟ್ಟಿರಲಿಲ್ಲ. ಬೀಗವಿಲ್ಲದ್ದು 4930ಎಂಎಕ್ಸ್, 'ಎಕ್ಸ್‌ಟ್ರೀಮ್' ಎಂಬ ಬಿರುದಿನದು, 57 ವಾಟ್. ಹೊಸದರಲ್ಲಿ ಸಾವಿರ ಡಾಲರ್ ದಾಟಿದ ಮಾಲು. ಆ ಕಾಲದ ಲ್ಯಾಪ್‌ಟಾಪಿನಲ್ಲಿ ಚಿಪ್ಪನ್ನು ಸಾಕೆಟ್ಟಿನಿಂದ ಎತ್ತಿ ಬದಲಾಯಿಸಬಹುದಿತ್ತು. ಇಂಟೆಲ್‌ನ ಮುಂದಿನ ಪೀಳಿಗೆಯಿಂದ ಲ್ಯಾಪ್‌ಟಾಪ್ ಚಿಪ್ಪುಗಳು ಬೋರ್ಡಿಗೆ ಬೆಸುಗೆಯಾಗಿಯೇ ಬರತೊಡಗಿದವು. ಇದನ್ನು ಹೇಳುವಾಗ ಅವನ ಗಂಟಲು ಕಟ್ಟುತ್ತದೆ. ಧರ್ಮಾಂಬುಧಿ ಕೆರೆ ಹೋಗಿ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಆದದ್ದನ್ನು ಹಳೇ ಬೆಂಗಳೂರಿನವರು ಹೇಳುವ ದನಿ ಅದು.

ಚಿಪ್ಪಿನ ಬೇಟೆಗೆ ಎಸ್.ಪಿ. ರೋಡಿಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದ. ಮೊದಲ ಅಂಗಡಿಯವನು ಪಾಪ ಒಳ್ಳೆಯವನು. "ಸಾರ್, ಇದಕ್ಕೆ ಇನ್ನೊಂದಿಷ್ಟು ಹಾಕಿದ್ರೆ ಹೊಸ ಲ್ಯಾಪ್‌ಟಾಪೇ ಬರುತ್ತೆ" ಅಂದ. "ಬನ್ನಿ ಭಾವ, ಈ ಅಂಗಡಿ ಬೇಡ" ಎಂದು ಬಾಮೈದ ಮೆಟ್ಟಿಲಿಳಿದೇ ಬಿಟ್ಟ. ಕೊನೆಗೆ ಇನ್ನೆಲ್ಲೋ ಒಂದು ಮಹಡಿಯಲ್ಲಿ, ಸ್ಪಂಜಿನ ನಡುವಿನಿಂದ ಒಂದು ಚಿಪ್ಪು ಹೊರಬಂತು. ಮೇಲೆ 'ಇಂಟೆಲ್ ಕಾನ್ಫಿಡೆನ್ಷಿಯಲ್' ಎಂದು ಅಚ್ಚಾಗಿತ್ತು. ಪರೀಕ್ಷೆಗೆಂದು ಕಂಪನಿ ತಯಾರಿಸುವ ಸ್ಯಾಂಪಲ್‌ಗಳ ಗುರುತದು, ಮಾರುವಂತಿಲ್ಲ. ನನಗೆ ಪೊಲೀಸರು ನೆನಪಾದರು. ಅವನ ಕಣ್ಣಲ್ಲಿ ನೀರಾಡಿತ್ತು.

ಭಾನುವಾರ ಬೆಳಿಗ್ಗೆ ಅತ್ತೆ ನೋಡುತ್ತಾರೆ, ಇಡ್ಲಿ ಹಿಟ್ಟು ಉಬ್ಬಿ ಕೂತಿದೆ, ಇಡ್ಲಿ ತಟ್ಟೆ ಇಲ್ಲ. ಮೇಜಿನ ಮೇಲಿದೆ. ಒಂದೊಂದು ಗುಳಿಯಲ್ಲೂ ಒಂದೊಂದು ಅಳತೆಯ ಸ್ಕ್ರೂ: ತಳದ ಮುಚ್ಚಳದ್ದು, ಹೀಟ್‌ಸಿಂಕಿನದು, ಫ್ಯಾನಿನದು, ಕೀಬೋರ್ಡಿನದು.

"ಅಮ್ಮಾ, ಮುಟ್ಟಬೇಡ, ಎಲ್ಲಾ ಕಲಸಿಹೋಗುತ್ತೆ."

"ಅಳಿಯಂದಿರು ಬಂದಿದಾರೆ ಕಣೋ. ತಿಂಡಿಗೇನು ಸ್ಕ್ರೂ ಬಡಿಸ್ಲಾ?"

"ದೋಸೆ ಹುಯ್ಯಮ್ಮ."

ಇಡ್ಲಿ ಹಿಟ್ಟಿನಲ್ಲಿ ದೋಸೆ ಹುಯ್ಯಿ ಅನ್ನುವವನ ಜೊತೆ ಏನು ವಾದ ಎಂದು ಅತ್ತೆ ಉಪ್ಪಿಟ್ಟಿಗೆ ರವೆ ಹುರಿದರು.

ಹಳೆಯ ಥರ್ಮಲ್ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ತಂದಿದ್ದ, ಹತ್ತಿ ಮರೆತಿದ್ದ. ದೇವರಮನೆಯ ಹೂಬತ್ತಿಯ ಡಬ್ಬಿ ಅರ್ಧ ಖಾಲಿಯಾಯಿತು. ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸಿ, ಹೀಟ್‌ಸಿಂಕಿನಲ್ಲಿ ತನ್ನ ಮೂಗು ಕಂಡ ಮೇಲೆ ಬಿಟ್ಟ. ಹೊಸ ಚಿಪ್ಪಿನ ಅಡಿಯಲ್ಲಿ 900ಕ್ಕೂ ಹೆಚ್ಚು ಪಿನ್ನು, ಒಂದು ಬಾಗಿದರೂ ಕಥೆ ಮುಗಿಯಿತು. ಮೂಲೆಯ ಪುಟ್ಟ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಒತ್ತದೆ, ತಾನಾಗಿ ಕೂರಲು ಬಿಟ್ಟು, ಪಕ್ಕದ ತಿರುಪನ್ನು ಅರ್ಧ ಸುತ್ತು ತಿರುಗಿಸಿದ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಸೀನಕೂಡದೆಂದು ಆಜ್ಞೆಯಾಗಿತ್ತು. ಆಮೇಲೆ ಪೇಸ್ಟ್ ಎಷ್ಟು, ಹೇಗೆ ಎಂಬ ವಿಚಾರ. ಈ ಪಂಥದಲ್ಲಿ ಬಟಾಣಿ ಗಾತ್ರದ ಬೊಟ್ಟಿನವರು, ಒಂದು ಗೆರೆಯವರು, ಅಡ್ಡಗೆರೆಯವರು, ಪೂರ್ತಿ ಸವರುವವರು ಎಂದು ಒಳಪಂಗಡಗಳಿವೆ. ಪಂಗಡ ಬಿಟ್ಟು ಹೆಣ್ಣು ಕೊಟ್ಟು ತರುವುದಿಲ್ಲ. ಲಿಕ್ವಿಡ್ ಮೆಟಲ್ ಹಚ್ಚುವ ವಾಮಾಚಾರಿಗಳೂ ಇದ್ದಾರೆ. ಗ್ಯಾಲಿಯಂ ಬೆರೆತ ದ್ರವಲೋಹ ಅದು. ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಆದರೆ ಅಲ್ಯೂಮಿನಿಯಂ ಸಿಕ್ಕರೆ ತಿಂದುಹಾಕುತ್ತದೆ, ಬೋರ್ಡಿನ ಮೇಲೆ ಒಂದು ಹನಿ ಬಿದ್ದರೆ ಷಾರ್ಟ್.

ಯಂತ್ರ ಶುರುವಾಯಿತು. ಗುಣಕ 42ಕ್ಕೆ ಏರಿತು. 4.2 ಗಿಗಾಹರ್ಟ್ಸ್! ತಕ್ಷಣ ಫೋಟೊ ಹೊಡೆದುಕೊಂಡ. ಒಳ್ಳೆಯದೇ ಆಯಿತು, ಫೋನು ಜೇಬಿಗೆ ಹೋಗುವಷ್ಟರಲ್ಲಿ ಚಿಪ್ಪು 100 ಡಿಗ್ರಿ ಮುಟ್ಟಿ, ಜೀವ ಉಳಿಸಿಕೊಳ್ಳಲು ತಾನೇ 2.6ಕ್ಕೆ ಇಳಿದಿತ್ತು. "ಹಳೇದೇ ಇದಕ್ಕಿಂತ ಜೋರಾಗಿ ಓಡ್ತಿತ್ತಲ್ಲೋ" ಅಂದೆ. "ಪೀಕ್ ಬೇರೆ, ಸಸ್ಟೇನ್ಡ್ ಬೇರೆ ಭಾವ" ಅಂದ.

ಕಾರಣ ಅವನಿಗೆ ತಿಳಿಯದು ಅಂತಲ್ಲ. ಯಾರದೋ ಮದುವೆಯೂಟದಲ್ಲಿ ನನ್ನ ಎಲೆಯ ತುದಿಯಲ್ಲಿ ಉಪ್ಪಿನಕಾಯಿ ರಸದಿಂದ ಬರೆದು ತೋರಿಸಿದ್ದ: ವೋಲ್ಟೇಜಿನ ವರ್ಗ ಗುಣಿಸು ವೇಗ. ವೇಗವನ್ನು ಶೇ 10 ಏರಿಸಲು ವೋಲ್ಟೇಜನ್ನೂ ಶೇ 10 ಏರಿಸಬೇಕಾಯಿತು ಅನ್ನಿ, ಹೀರುವ ವಿದ್ಯುತ್ತು ಶೇ 33 ಏರುತ್ತದೆ. ಅಷ್ಟೂ ಶಾಖವಾಗಿ ಹೊರಗೆ ಬರಬೇಕು.

"ಅಂದ್ರೆ ಲಾಭಕ್ಕಿಂತ ಖರ್ಚೇ ಜಾಸ್ತಿ" ಅಂದೆ.

"ಕರೆಕ್ಟ್ ಭಾವ!" ಎಂದು ಹಿಗ್ಗಿ ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಂಡ. ಬಡಿಸುವವರು ಆ ಸೂತ್ರದ ಮೇಲೇ ಎರಡು ಆಂಬೊಡೆ ಇಟ್ಟು ಮುಂದೆ ಹೋದರು.

ಶಾಖ ಇಳಿಸಲು ಆಮೇಲೆ ಅಂಡರ್‌ವೋಲ್ಟ್ ವ್ರತ ಹಿಡಿದ. ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಲ್ಲಿ ವೋಲ್ಟೇಜನ್ನು ಚೂರುಚೂರೇ ಇಳಿಸುತ್ತ ಹೋಗುವುದು, ನೀಲಿ ಪರದೆ ಬಂದಲ್ಲಿಂದ ಒಂದು ಮೆಟ್ಟಿಲು ಹಿಂದಕ್ಕೆ ಬರುವುದು. ನೀಲಿ ಪರದೆ ಬಂದದ್ದು ಮಾವನವರು ಅದರಲ್ಲಿ ಕರೆಂಟ್ ಬಿಲ್ ಕಟ್ಟುತ್ತಿದ್ದಾಗ. ದುಡ್ಡು ಹೋಯಿತೋ ಉಳಿಯಿತೋ ಎಂದು ಅವರು ಎದೆ ಹಿಡಿದುಕೊಂಡರೆ ಇವನು, "ಬಂತಾ? ಸದ್ಯ, ಮಿತಿ ಗೊತ್ತಾಯ್ತು!" ಎಂದು ಪೆನ್ಸಿಲು ಹಿಡಿದು ಓಡಿಬಂದ.

ಅತ್ತೆ ಮಾತ್ರ ಡಿಸೆಂಬರಿನಿಂದ ಮೆತ್ತಗಾಗಿದ್ದಾರೆ. ಧನುರ್ಮಾಸದಲ್ಲಿ ಅವರು ನಾಲ್ಕೂವರೆಗೆ ಎದ್ದು ಸ್ನಾನ ಮುಗಿಸಿ ಹುಗ್ಗಿಗಿಡಲು ಬಂದರೆ ಹಾಲ್‌ನಲ್ಲಿ ದೀಪ ಉರಿಯುತ್ತಿದೆ. ಎಂಟಕ್ಕೆ ಮುಂಚೆ ಕಣ್ಣು ಬಿಡದ ಮಗ ಎದ್ದು ಕೂತಿದ್ದಾನೆ! ಕಿಟಕಿಗಳೆಲ್ಲ ತೆರೆದಿವೆ, ಮಫ್ಲರ್ ಸುತ್ತಿದ್ದಾನೆ, ತುಟಿ ಏನೋ ಎಣಿಸುತ್ತಿದೆ. ಅವತ್ತೇ ನನ್ನ ಹೆಂಡತಿಗೆ ಫೋನ್ ಮಾಡಿ ಗದ್ಗದಿತರಾದರು. "ಧ್ಯಾನ ಮಾಡ್ತಾನೆ ಕಣೇ. ಪರದೆ ಮೇಲೆ ಏನೋ ಚಿತ್ರ ಚೌಕ ಚೌಕವಾಗಿ ಮೂಡ್ತಿರುತ್ತೆ, ಎವೆ ಇಕ್ಕಲ್ಲ." ಅದು ಸಿನಿಬೆಂಚ್ ಎಂಬ ಪರೀಕ್ಷೆ, ಹೊರಗೆ ಚಳಿಯಿದ್ದಷ್ಟೂ ಅದರಲ್ಲಿ ನಾಲ್ಕು ಅಂಕ ಜಾಸ್ತಿ ಬರುತ್ತದೆ. ಈ ಸತ್ಯವನ್ನು ಅವರಿಗೆ ಇನ್ನೂ ಯಾರೂ ಹೇಳಿಲ್ಲ. ನಾನಂತೂ ಹೇಳುವವನಲ್ಲ, ಪ್ರತಿ ಭಾನುವಾರ ಹುಗ್ಗಿ ಬರುತ್ತಿದೆ.

ಇಂಟೆಲ್‌ಗೂ ಎಎಂಡಿಗೂ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರಗಳಿರುವುದರಿಂದ ಚಿಪ್ಪು ಮಾಡುವವರು ಇಲ್ಲಿ ಲಿಫ್ಟಿನಲ್ಲೇ ಸಿಗುತ್ತಾರೆ. ಐದನೇ ಮಹಡಿಯಲ್ಲಿ ಅಂಥವರೊಬ್ಬರಿದ್ದಾರೆ. ಇವನು ಅವರನ್ನು ಹಿಡಿದುಕೊಂಡು, ನೀವುಗಳು ಸುರಕ್ಷತೆಯ ಹೆಸರಿನಲ್ಲಿ ಎಷ್ಟೊಂದು ವೇಗ ಬಚ್ಚಿಡುತ್ತೀರಿ ಎಂದು ತರಾಟೆಗೆ ತೆಗೆದುಕೊಂಡ. ಅವರು ಸಾವಧಾನವಾಗಿ ಕೇಳಿ, "ಯಾವ ಗೇಮ್ ಆಡ್ತೀರಿ?" ಅಂದರು. ಮೂರು ಮಹಡಿ ಕಳೆದ ಮೇಲೆ ಉತ್ತರ ಬಂತು: "ಜಿಟಿಎ ಫೈವ್... ಅದರ ಬೆಂಚ್‌ಮಾರ್ಕು."

ಮೊನ್ನೆ ಹೆಣ್ಣು ನೋಡಲು ತುಮಕೂರಿಗೆ ಹೋಗಿದ್ದೆವು. ಕೇಸರಿಭಾತು, ಬೋಂಡ ಆಯಿತು. ಹುಡುಗಿ ಬಂದು ಕೂತಳು. "ಏನಾದ್ರೂ ಕೇಳೋದಿದ್ರೆ ಕೇಳಪ್ಪ, ಸಂಕೋಚ ಬೇಡ" ಅಂದರು ಹಿರಿಯರು. ಒಳಕೋಣೆಯಲ್ಲಿ ಯಾವುದೋ ಲ್ಯಾಪ್‌ಟಾಪಿನ ಫ್ಯಾನು ಒಂದೇ ಸಮ ಅರಚುತ್ತಿತ್ತು. ನಾನು ಅವನ ಕಾಲು ತುಳಿದೆ. ಆದರೂ ಕೇಳಿಯೇಬಿಟ್ಟ.

"ಅದರ ಪೇಸ್ಟು ಬದಲಾಯಿಸಿ ಎಷ್ಟು ದಿನ ಆಯ್ತು?"

"ಯಾವ ಪೇಸ್ಟು, ಹಲ್ಲುಜ್ಜೋದಾ?" ಅಂದರು ಹುಡುಗಿಯ ಅಜ್ಜಿ.

ಷರಟಿನ ಜೇಬಿನಿಂದ ಸ್ಕ್ರೂಡ್ರೈವರ್ ಬಂತು. ಅದನ್ನಿಟ್ಟುಕೊಂಡು ಹೆಣ್ಣು ನೋಡಲು ಬಂದವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಹುಡುಗಿಯ ತಂದೆ ಟಾರ್ಚ್ ಹಿಡಿದರು, ಇವನು ಫ್ಯಾನಿನಿಂದ ಧೂಳಿನ ಪದರ ಎಳೆದು ತೆಗೆದ. ಮುಚ್ಚಿ ಆನ್ ಮಾಡಿದರೆ ಸದ್ದೇ ಇಲ್ಲ. ತಂದೆಗೆ ಹುಡುಗ ಬಹಳ ಹಿಡಿಸಿಬಿಟ್ಟ. ಪ್ರಿಂಟರ್ ಕೂಡ ತೋರಿಸಿದರು. ಹುಡುಗಿ ಮಾತ್ರ ಏನೂ ಹೇಳಲಿಲ್ಲ.

ವಾಪಸು ಬರುವಾಗ ನೆಲಮಂಗಲದ ಹತ್ತಿರ ಬಾಮೈದ ಜೇಬು ತಡಕಿ, ಸಾಸಿವೆಗಿಂತ ತುಸು ದೊಡ್ಡದೊಂದು ಸ್ಕ್ರೂ ತೆಗೆದು ತೋರಿಸಿದ. "ಭಾವ, ಇದು ಅವರ ಮನೇದು. ಮುಂದಿನ ಭಾನುವಾರ ಹೋಗಿ ಹಾಕಿಬರಬೇಕು."

ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅತ್ತೆ ಎದ್ದು ಕೂತರು. "ಭಾನುವಾರದ ತನಕ ಯಾಕೆ? ಅಳಿಯಂದಿರೇ, ಕಾರು ತಿರುಗಿಸಿ."