ಅಂಟು ಹಚ್ಚಿದ ಇಂಜಿನಿಯರ್ ಸಾಹೇಬರಿಗೆ, ನಂದಗುಡಿಯಿಂದ

ಮಹಾರಾಜರಾಜಶ್ರೀ ಇಂಜಿನಿಯರ್ ಸಾಹೇಬರ ಸನ್ನಿಧಾನಕ್ಕೆ,

ಹೊಸಕೋಟೆ ತಾಲ್ಲೂಕು ನಂದಗುಡಿ ಹೋಬಳಿಯ ರೈತನೊಬ್ಬ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ, ಅತ್ತ ತಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು. ನಮ್ಮ ಮನೆಯಲ್ಲಿ ಕ್ಷೇಮವಿಲ್ಲದಿರುವುದು ತಾವು ತಯಾರಿಸಿದ ಟ್ಯಾಬ್ಲೆಟ್ ಒಂದೇ.

ತಮ್ಮ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಕೈಕೆಲಸ ಮಾತ್ರ ಚೆನ್ನಾಗಿ ಗೊತ್ತು. ಬ್ಯಾಟರಿಯ ಅಡಿಗೆ ಅಂಟು ಹಚ್ಚಿ, ಅದರ ಮೇಲೆ ಗಾಜು ಕೂರಿಸಿ, ಗಾಜಿನ ಸುತ್ತಲೂ ಮತ್ತೊಂದು ಸುತ್ತು ಅಂಟು ಹಚ್ಚಿದ ಪುಣ್ಯಾತ್ಮರು ತಾವೇ. ನಮ್ಮ ಕಡೆ ಹಲಸಿನ ಹಣ್ಣು ಬಿಡಿಸುವವರು ಮೊದಲು ಕೈಗೆ ಎಣ್ಣೆ ಸವರಿಕೊಳ್ಳುತ್ತಾರೆ. ತಮ್ಮ ಅಂಟಿಗೆ ಯಾವ ಎಣ್ಣೆ ಸವರಬೇಕು ಎಂದು ಕೇಳೋಣವೆಂದೇ ಈ ಕಾಗದ.

ಹಿನ್ನೆಲೆ ಹೇಳಿಬಿಡುತ್ತೇನೆ. 2020ರಲ್ಲಿ ಶಾಲೆಗೆ ಬೀಗ ಬಿದ್ದಾಗ ಮಗಳು ಆನ್‌ಲೈನ್ ಪಾಠ ಎಂದಳು. ಎರಡು ಕುರಿ ಮಾರಿ 11,000 ರೂಪಾಯಿಗೆ ಈ ಟ್ಯಾಬ್ಲೆಟ್ ತಂದೆ. ಅದೇ ಮುಂಗಾರಿನಲ್ಲಿ ಸರ್ಕಾರ ರೈತರ ಕೈಗೇ ಬೆಳೆ ಸಮೀಕ್ಷೆಯ ಆ್ಯಪ್ ಕೊಟ್ಟಿತು. ಮಗಳ ಪಾಠ ಮುಗಿದ ಮೇಲೆ ಟ್ಯಾಬ್ಲೆಟ್ ನನ್ನ ಜೊತೆ ಹೊಲಕ್ಕೆ ಬಂದು ರಾಗಿ ಪೈರಿನ ಫೋಟೋ ತೆಗೆಯಿತು. ಸಂಜೆ ನಮ್ಮಮ್ಮನಿಗೆ ಹರಿಕಥೆ ಹೇಳಿತು. ಇಷ್ಟು ದುಡಿದ ಎತ್ತನ್ನೂ ನಮ್ಮ ಮನೆ ಕಂಡಿಲ್ಲ.

ಈಗ ಅದಕ್ಕೆ ವಯಸ್ಸಾಗಿದೆ. ನೂರಕ್ಕೆ ನೂರು ಚಾರ್ಜ್ ಇದ್ದದ್ದು ಹರಿಕಥೆಯ ಪೀಠಿಕೆ ಮುಗಿಯುವುದರೊಳಗೆ ಇಪ್ಪತ್ತಕ್ಕೆ ಇಳಿಯುತ್ತಿತ್ತು. ವೈರನ್ನು ಒಂದು ಕೋನಕ್ಕೆ ತಿರುಗಿಸಿ, ಕೆಳಗೆ ಬೆಂಕಿಪೊಟ್ಟಣ ಕೊಟ್ಟರೆ ಮಾತ್ರ ಚಾರ್ಜ್ ಏರುತ್ತಿತ್ತು. ಕಳೆದ ತಿಂಗಳು ಹೊಸ ಕಾಯಿಲೆ: ಹೊಟ್ಟೆ ಉಬ್ಬಿತು. ಗಾಜು ಒಂದು ಕಡೆ ಎದ್ದು ನಿಂತಿತು. ಹಸುವಿಗೆ ಹೊಟ್ಟೆ ಉಬ್ಬರ ಬಂದರೆ ನಮಗೆ ಮದ್ದು ಗೊತ್ತು. ಎಣ್ಣೆ ಕುಡಿಸುತ್ತೇವೆ, ಕೈಮೀರಿದರೆ ಪಶುವೈದ್ಯರು ಬಂದು ಎಡ ಪಕ್ಕೆಗೆ ಕೊಳವೆ ಚುಚ್ಚಿ ಗಾಳಿ ಬಿಡುತ್ತಾರೆ. ನಮ್ಮಮ್ಮ ಇದಕ್ಕೂ ಅದೇ ಚಿಕಿತ್ಸೆ ಆಗಬೇಕೆಂದು ಗೋಣಿಸೂಜಿ ತಂದಿದ್ದರು. ಸದ್ಯ, ಕೈ ಹಿಡಿದೆ. ಲಿಥಿಯಂ ಬ್ಯಾಟರಿ ಹಳೆಯದಾದಾಗ ಒಳಗಿನ ರಾಸಾಯನಿಕ ಒಡೆದು ಅನಿಲವಾಗುತ್ತದೆ. ಅದಕ್ಕೆ ಸೂಜಿ ಚುಚ್ಚಿದರೆ ಹೊಟ್ಟೆ ಇಳಿಯುವುದಿಲ್ಲ, ಮನೆಗೇ ಬೆಂಕಿ ಬೀಳುತ್ತದೆ.

ರಿಪೇರಿಯೋ, ಹೊಸದೋ? ಹಟ್ಟಿಯಲ್ಲಿ ಪಂಚಾಯ್ತಿ ಕೂತಿತು.

ಮಗಳು ಹೊಸದು ಎಂದಳು. ಹೆಂಡತಿ, ಡೈರಿ ಬಟವಾಡೆ ಬರಲಿ ನೋಡೋಣ ಎಂದಳು, ಅಂದರೆ ಎರಡೂ ಬೇಡ ಎಂದರ್ಥ. ನಮ್ಮಮ್ಮ ಮಾತ್ರ, "ಅದರ ಬ್ಯಾಟ್ರಿ ತೆಗೆದು ಬಿಸಿಲಿಗೆ ಇಡ್ರೋ, ಸರಿಹೋಯ್ತದೆ" ಎಂದರು. ಪಾಪ, ರೇಡಿಯೋ ಸೆಲ್ಲು ಬಿಸಿಲಿಗಿಟ್ಟು ಎರಡು ದಿನ ಹೆಚ್ಚು ಹಾಡಿಸಿದ ತಲೆಮಾರು ಅದು. ನನ್ನ ತಲೆಮಾರೂ ಕಡಿಮೆಯಲ್ಲ. ಟಾರ್ಚ್ ಇದ್ದ ನೋಕಿಯಾ 1100 ಫೋನಿನ ಬೆನ್ನನ್ನು ಹೆಬ್ಬೆರಳಿನಲ್ಲಿ ಜಾರಿಸಿ, ಉಗುರಿನಲ್ಲಿ ಬ್ಯಾಟರಿ ಎಬ್ಬಿಸಿದ್ದೇವೆ. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನು ಅದು. ಅಷ್ಟೂ ಜನಕ್ಕೆ ಉಗುರೊಂದೇ ಸಲಕರಣೆ ಆಗಿತ್ತು. ತಾವು ಬಂದು ಆ ಉಗುರನ್ನು ಕತ್ತರಿಸಿದಿರಿ.

ಟ್ಯಾಬ್ಲೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಹೋದೆ. ಯಾವ ಕಂಪನಿಯದೆಂದು ಹೇಳುವುದಿಲ್ಲ, ಬಾಗಿಲಲ್ಲಿ ಟೋಕನ್ ಕೊಟ್ಟ ಮರ್ಯಾದೆಗಾದರೂ ಸುಮ್ಮನಿರುತ್ತೇನೆ. ಏಸಿ ತಣ್ಣಗಿತ್ತು, ಕೌಂಟರಿನ ಹುಡುಗಿಯ ಉತ್ತರ ಅದಕ್ಕಿಂತ ತಣ್ಣಗಿತ್ತು.

"ಸರ್, ಈ ಮಾಡೆಲ್ ಎಂಡ್ ಆಫ್ ಲೈಫ್ ಆಗಿದೆ. ಪಾರ್ಟ್ಸ್ ಬರಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ರೆ ಆರ್ನೂರು ರೂಪಾಯಿ ಕಡಿಮೆ ಮಾಡ್ತೀವಿ."

ಟ್ಯಾಬ್ಲೆಟ್ ಆಗಿನ್ನೂ ನನ್ನ ಕಂಕುಳಲ್ಲಿ ಬೆಚ್ಚಗಿತ್ತು. ನಮ್ಮಲ್ಲಿ ಬದುಕಿರುವ ಮುದುಕಿಯನ್ನು ಪಿಂಚಣಿ ಪಟ್ಟಿಯಲ್ಲಿ ಸತ್ತವಳೆಂದು ಬರೆದುಬಿಡುವುದುಂಟು. ಅವಳಾದರೂ ಕಚೇರಿಗೆ ನಡೆದುಹೋಗಿ "ನಾನಿನ್ನೂ ಇದೀನಿ ಸ್ವಾಮಿ" ಎನ್ನಬಹುದು. ಟ್ಯಾಬ್ಲೆಟ್ಟಿಗೆ ಆ ಭಾಗ್ಯವೂ ಇಲ್ಲ.

ಸಾಹೇಬರೇ, ಭೂಪಟದಲ್ಲಿ ನಮ್ಮ ಊರಿನ ಸುತ್ತ ಒಮ್ಮೆ ಕಣ್ಣಾಡಿಸಿ. ಪೂರ್ವಕ್ಕೆ ಕೋಲಾರದ ದಾರಿಯಲ್ಲಿ ನರಸಾಪುರ. ಅಲ್ಲಿ ಐಫೋನ್ ಜೋಡಿಸುತ್ತಾರೆ. ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆ 2023ರಲ್ಲಿ ಟಾಟಾದವರ ಕೈಗೆ ಬಂತು. ಇತ್ತ ದೇವನಹಳ್ಳಿ ಸೀಮೆಯಲ್ಲಿ ಫಾಕ್ಸ್‌ಕಾನ್‌ನವರೂ ಐಫೋನ್ ಜೋಡಿಸುತ್ತಾರೆ. ಪಶ್ಚಿಮಕ್ಕೆ ಹೋದರೆ ನಮ್ಮದೇ ಜಿಲ್ಲೆಯ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆ 2005ರಿಂದ ಸತ್ತ ಕಂಪ್ಯೂಟರು, ಫೋನುಗಳನ್ನು ಬಿಚ್ಚಿ ಲೋಹ ತೆಗೆಯುತ್ತಿದೆ. ಅಧಿಕೃತ ಇ-ತ್ಯಾಜ್ಯ ಸಂಸ್ಕರಣೆಯಲ್ಲಿ ದೇಶಕ್ಕೇ ಮೊದಲನೆಯದು. ಹೀಗೆ ನಮ್ಮ ಸೀಮೆಯಲ್ಲಿ ಹೆರಿಗೆ ಮನೆಯಿದೆ, ಸ್ಮಶಾನವೂ ಇದೆ. ನಡುವೆ ಜ್ವರ ಬಂದರೆ ತೋರಿಸಲು ಆಸ್ಪತ್ರೆ ಎಲ್ಲಿದೆ?

ಇದೆ. ಹೊಸಕೋಟೆಯ ಬಸ್ ನಿಲ್ದಾಣದ ಹತ್ತಿರ ಎಂಟಡಿ ಅಗಲದ ಅಂಗಡಿ. ಅಲ್ಲಿನ ಹುಡುಗ ಟ್ಯಾಬ್ಲೆಟ್ ನೋಡಿದವನೇ ಚಾರ್ಜ್ ವೈರ್ ಮುಟ್ಟಬೇಡಿ ಎಂದ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಬ್ಯಾಟರಿ ತರಿಸಿದರೆ 1,400, ಚಾರ್ಜಿಂಗ್ ಪೋರ್ಟಿಗೆ 400, ಕೂಲಿ 400, ಒಟ್ಟು 2,200 ಎಂದ. ಆಮೇಲೆ ದನಿ ತಗ್ಗಿಸಿದ: "ಅಣ್ಣ, ಬಿಚ್ಚೋವಾಗ ಡಿಸ್‌ಪ್ಲೇ ಹೋದ್ರೆ ನನ್ನ ಕೇಳಬೇಡಿ. ಅಂಟು ಅಂಗೆ ಹಾಕವ್ರೆ."

ನೋಡಿ, ತಮ್ಮ ಕೀರ್ತಿ ಹೊಸಕೋಟೆ ಬಸ್ ನಿಲ್ದಾಣದವರೆಗೂ ಬಂದಿದೆ.

ರಿಪೇರಿ ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆರೆಬಾವಿ ಬತ್ತಿದ ಸೀಮೆ ಇದು. ಸಾವಿರ ಅಡಿ ಆಳಕ್ಕೆ ಇಳಿಬಿಟ್ಟ ಪಂಪು ಕರೆಂಟಿನ ಏರಿಳಿತಕ್ಕೆ ಸುಟ್ಟುಹೋದಾಗ ನಾವು ಹೊಸ ಮೋಟಾರಿಗೆ ಓಡುವುದಿಲ್ಲ. ನಾಲ್ಕು ಜನ ಸೇರಿ ಪೈಪು ಎತ್ತಿ, ಮೋಟಾರನ್ನು ಅಂಗಡಿಗೆ ಹೊತ್ತು, ಕಾಯಿಲ್ ಕಟ್ಟಿಸಿ, ಮತ್ತೆ ಇಳಿಸುತ್ತೇವೆ. ಒಂದೇ ಮೋಟಾರಿಗೆ ಐದು ಸಲ ಕಾಯಿಲ್ ಕಟ್ಟಿಸಿದವರಿದ್ದಾರೆ. ಸಾವಿರ ಅಡಿ ಆಳದ ಮೋಟಾರು ರಿಪೇರಿ ಆಗುತ್ತದೆ, ಒಂದು ಸೆಂಟಿಮೀಟರೂ ದಪ್ಪವಿಲ್ಲದ ಟ್ಯಾಬ್ಲೆಟ್ಟಿನ ಬ್ಯಾಟರಿ ಕೈಗೆ ಸಿಗುವುದಿಲ್ಲ! ಮೋಟಾರು ಮಾಡಿದವನು ಬೋಲ್ಟು ಹಾಕಿದ, ತಾವು ಅಂಟು ಹಾಕಿದಿರಿ, ವ್ಯತ್ಯಾಸ ಅಷ್ಟೆ. ತೆಳ್ಳಗಿರಲಿ ಎಂದು ಹಾಕಿದೆ ಎನ್ನುತ್ತೀರಿ. ತೆಳ್ಳಗಿರಲಿ ಎಂದು ನಾವು ಕೇಳಿದ್ದು ನೀರುಮಜ್ಜಿಗೆ ಮಾತ್ರ.

ತಾವು ಹಚ್ಚಿದ್ದು ಒಂದೇ ಅಂಟೂ ಅಲ್ಲ. ಎರಡನೆಯದು ಕಣ್ಣಿಗೆ ಕಾಣದ್ದು. ನಮ್ಮ ಟ್ಯಾಬ್ಲೆಟ್ಟಿನಲ್ಲಿರುವುದು ಆಂಡ್ರಾಯ್ಡ್ 9. ತಂದ ದಿನದಿಂದ ಅದು ಹತ್ತಕ್ಕೆ ಪಾಸಾಗಲೇ ಇಲ್ಲ. 2025ರಲ್ಲಿ ಕ್ರೋಮ್ ಬ್ರೌಸರ್ ಆಂಡ್ರಾಯ್ಡ್ 8 ಮತ್ತು 9ಕ್ಕೆ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿತು. ಹೊಸ ಬ್ಯಾಟರಿ ಹಾಕಿಸಿ ಎಬ್ಬಿಸಿ ಕೂರಿಸಿದರೂ ಊರಿನವರು ಮಾತಾಡಿಸುವುದಿಲ್ಲ ಎಂದಾಯಿತು. ಗಾಜಿನ ಅಂಟನ್ನು ಬಿಸಿಗಾಳಿ ಊದಿ ಬಿಡಿಸಬಹುದು, ಈ ಬಹಿಷ್ಕಾರಕ್ಕೆ ಯಾವ ಗಾಳಿ ಊದೋಣ?

ನಮ್ಮ ಟ್ಯಾಬ್ಲೆಟ್ ಒಂಟಿಯೂ ಅಲ್ಲ. 2021ರ ಜೂನ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಚಾಲನೆ ಕೊಟ್ಟರು. ಅವೆಲ್ಲ ನಮ್ಮದರ ಓರಗೆಯವು. ಅದಕ್ಕೂ ಹಿಂದೆ, 2011ರ ಅಕ್ಟೋಬರ್‌ನಲ್ಲಿ, ದೆಹಲಿಯಲ್ಲಿ ಅಂದಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು 'ಆಕಾಶ್' ಎಂಬ ಅಗ್ಗದ ಟ್ಯಾಬ್ಲೆಟ್ ಬಿಡುಗಡೆ ಮಾಡಿದ್ದರು. ಹಂಚುವುದಕ್ಕೆ ವೇದಿಕೆಯಿದೆ, ಹಾರವಿದೆ, ಫೋಟೋ ಇದೆ. ಬ್ಯಾಟರಿ ಬದಲಿಸುವ ಕೆಲಸಕ್ಕೆ ಟೇಪು ಕತ್ತರಿಸಿದ ಮಂತ್ರಿಯನ್ನು ನಾನಂತೂ ಕಂಡಿಲ್ಲ.

ರಿಪೇರಿ ಬಿಟ್ಟು ಹೊಸದು ತನ್ನಿ ಎನ್ನುವ ಈ ರೋಗ ಟ್ಯಾಬ್ಲೆಟ್ಟಿಗಷ್ಟೇ ಬಂದದ್ದು ಎಂದು ತಿಳಿಯಬೇಡಿ. ನಮ್ಮ ಊರಿಗೇ ಇದನ್ನು ಪ್ರಯೋಗಿಸಿ ನೋಡಿದ್ದಾರೆ. 2006ರಲ್ಲಿ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಐದು ಕಡೆ ಹೊಸ ಟೌನ್‌ಶಿಪ್ ಕಟ್ಟುವ ಯೋಜನೆ ಬಂತು. ಆಮೇಲೆ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಎಂದರು, ರೈತರು ರಸ್ತೆಗಿಳಿದರು. ಅಂದಿನಿಂದ ಆ ಸುದ್ದಿ ನಮ್ಮ ಬೋರ್‌ವೆಲ್ ನೀರಿನ ಹಾಗೆ ಒಂದು ವರ್ಷ ಬರುತ್ತದೆ, ಒಂದು ವರ್ಷ ನಿಲ್ಲುತ್ತದೆ. ನಾವು ಕೇಳಿದ್ದು ರಿಪೇರಿ: ಕೆರೆಯ ಹೂಳು ತೆಗೆಸಿ, ರಸ್ತೆಯ ಗುಂಡಿ ಮುಚ್ಚಿಸಿ, ಹಗಲು ಹೊತ್ತು ಮೂರು ಫೇಸ್ ಕರೆಂಟು ಕೊಡಿ ಎಂದು. ಬಂದ ಉತ್ತರ ಎಕ್ಸ್‌ಚೇಂಜ್ ಆಫರ್: ಹಳೆಯ ಊರು ಕೊಡಿ, ಹೊಸ ಊರು ಕಟ್ಟುತ್ತೇವೆ. ಆದ್ದರಿಂದ ಆ ಸರ್ವಿಸ್ ಸೆಂಟರಿನ ಹುಡುಗಿ "ಎಂಡ್ ಆಫ್ ಲೈಫ್" ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಆ ಮಾತನ್ನು ಇಂಗ್ಲಿಷಿನಲ್ಲಿ ಕೇಳಿದ್ದು ಅದೇ ಮೊದಲು, ಅಷ್ಟೆ.

ಆದರೂ ಮನೆಯ ಪಂಚಾಯ್ತಿಗೆ ಲೆಕ್ಕ ಒಪ್ಪಿಸಬೇಕಲ್ಲ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ. ಹೊಸ ಟ್ಯಾಬ್ಲೆಟ್ 15,000. ಐದು ವರ್ಷ ಬಾಳಿದರೆ ವರ್ಷಕ್ಕೆ 3,000. ರಿಪೇರಿ 2,200. ಹಳೆಯದು ಇನ್ನು ಒಂಬತ್ತು ತಿಂಗಳು ಬದುಕಿದರೆ ಲೆಕ್ಕ ಸಮ, ಅದರ ಮೇಲೆ ಬದುಕಿದ್ದೆಲ್ಲ ಲಾಭ. ಹಸು ಗಬ್ಬವಾಗಿ ಕರು ಹಾಕುವಷ್ಟು ಕಾಲ! ಅಷ್ಟು ಕಾಯಲು ನಮಗೆ ಬರುತ್ತದೆ. ಬ್ಯಾಂಕಿನ ವ್ಯವಹಾರ ಮಾತ್ರ ಅದರಲ್ಲಿ ಬೇಡ, ರಕ್ಷಣೆಯ ಅಪ್‌ಡೇಟ್ ನಿಂತ ಯಂತ್ರದಲ್ಲಿ ದುಡ್ಡಿನ ಆ್ಯಪ್ ಇಡುವುದು ಚಿಲಕವಿಲ್ಲದ ಮನೆಯಲ್ಲಿ ಹಣ ಇಟ್ಟಂತೆ. ಅದು ಫೋನಿಗೆ ಹೋಯಿತು. ಹರಿಕಥೆಗೆ ಯಾವ ಕಳ್ಳ ಬರುತ್ತಾನೆ?

ರಿಪೇರಿಗೇ ಕೊಟ್ಟೆ. ಹೊಸಕೋಟೆ ಅಂಗಡಿಯ ಹುಡುಗ ಮೂರು ದಿನ ತೆಗೆದುಕೊಂಡ. ಬಿಸಿ ಮಾಡಿ, ತೆಳುವಾದ ಪ್ಲಾಸ್ಟಿಕ್ ಚೂರನ್ನು ಅಂಚಿನಲ್ಲಿ ಜಾರಿಸಿ, ಗಾಜು ಎಬ್ಬಿಸಿದ. ಮೂಲೆಯಲ್ಲಿ ಒಂದು ಸಣ್ಣ ಬಿರುಕು ಬಿಟ್ಟಿದೆ. ಅದು ತಮ್ಮ ಸಹಿ ಎಂದುಕೊಂಡಿದ್ದೇನೆ. ಉಬ್ಬಿದ ಬ್ಯಾಟರಿಯನ್ನು ಮರಳು ತುಂಬಿದ ಡಬ್ಬದಲ್ಲಿಟ್ಟ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡುತ್ತಾನಂತೆ. ನಾನಾಗಿದ್ದರೆ ತಿಪ್ಪೆಗೆ ಎಸೆಯುತ್ತಿದ್ದೆನೇನೋ. ಜಗತ್ತು 2022ರಲ್ಲಿ 620 ಲಕ್ಷ ಟನ್ ಇ-ತ್ಯಾಜ್ಯ ಹಾಕಿತೆಂದೂ, ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಮರುಬಳಕೆಗೆ ಹೋದದ್ದು ನೂರಕ್ಕೆ 22ರಷ್ಟು ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಮಿಕ್ಕದ್ದು ಜಗತ್ತಿನ ತಿಪ್ಪೆ.

ತಮ್ಮ ಕೈ ಕಟ್ಟುವ ಮಾತು ದೂರದಲ್ಲಿ ಕೇಳಿಸುತ್ತಿದೆ, ತಾವೂ ಕೇಳಿಸಿಕೊಂಡಿರುತ್ತೀರಿ. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ಫೋನು, ಟ್ಯಾಬ್ಲೆಟ್ಟುಗಳಿಗೆ ನಿಯಮ ಬಂದಿದೆ: ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ, ಕನಿಷ್ಠ ಐದು ವರ್ಷ ತಂತ್ರಾಂಶದ ಅಪ್‌ಡೇಟ್. ನಮ್ಮ ದೇಶದಲ್ಲಿ 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿಗೊಂದು ಪೋರ್ಟಲ್ ತೆರೆದರು. 2025ರ ಮೇ ತಿಂಗಳಲ್ಲಿ ಕೇಂದ್ರದ ಸಮಿತಿಯೊಂದು, ಫೋನು ಮತ್ತು ಟ್ಯಾಬ್ಲೆಟ್ ರಿಪೇರಿಗೆ ಎಷ್ಟು ಸುಲಭವೆಂದು ಅಂಕ ಕೊಟ್ಟು, ಅದನ್ನು ಮಾರುವ ಜಾಗದಲ್ಲೇ ತೋರಿಸಬೇಕೆಂದು ಶಿಫಾರಸು ಮಾಡಿದೆ. ಆದರೆ ಅಂಕವನ್ನು ಕಂಪನಿಯೇ ತನಗೆ ಕೊಟ್ಟುಕೊಳ್ಳಬೇಕಂತೆ. ನಮ್ಮ ಶಾಲೆಯಲ್ಲಿ ಈ ಪದ್ಧತಿ ಇದ್ದಿದ್ದರೆ ಇಡೀ ನಂದಗುಡಿ ಹೋಬಳಿ ರ್‍ಯಾಂಕ್ ಬರುತ್ತಿತ್ತು.

ಕಾಗದ ಉದ್ದವಾಯಿತು, ಬೇಡಿಕೆ ಚಿಕ್ಕದು. ಮುಂದಿನ ಟ್ಯಾಬ್ಲೆಟ್ಟಿಗೆ ಅಂಟು ಬಿಟ್ಟು ನಾಲ್ಕು ಸ್ಕ್ರೂ ಹಾಕಿ. ಖರ್ಚು ತಮಗೆ ಹೊರೆಯಾದರೆ ಸ್ಕ್ರೂ ನಾವೇ ಹೊಸಕೋಟೆ ಸಂತೆಯಿಂದ ತಂದುಕೊಡುತ್ತೇವೆ. ಡಬ್ಬದ ಮೇಲೆ ಮೂರು ಸಾಲು ಬರೆಯಿರಿ, ಕನ್ನಡದಲ್ಲಿ: ಬ್ಯಾಟರಿ ಬದಲಿಸಲು ಎಷ್ಟು ರೂಪಾಯಿ, ಬಿಡಿಭಾಗ ಯಾವ ವರ್ಷದವರೆಗೆ ಸಿಗುತ್ತದೆ, ಅಪ್‌ಡೇಟ್ ಯಾವ ವರ್ಷಕ್ಕೆ ನಿಲ್ಲುತ್ತದೆ. ಔಷಧಿ ಬಾಟಲಿಯ ಮೇಲೆ ಅವಧಿ ಮುಗಿಯುವ ದಿನ ಬರೆಯುತ್ತಾರೆ, ಬಿತ್ತನೆ ಬೀಜದ ಚೀಲದ ಮೇಲೂ ಬರೆಯುತ್ತಾರೆ. ಎರಡು ಕುರಿ ಮಾರಿ ತರುವ ವಸ್ತುವಿನ ಮೇಲೆ ಬರೆಯಲು ತಮಗೇನು ಕಷ್ಟ?

ಇದನ್ನು ಓದುತ್ತಿರುವ ಉಳಿದವರಿಗೆ ಒಂದು ಮಾತು. ನಿಮ್ಮ ಟ್ಯಾಬ್ಲೆಟ್ಟಿನ ಗಾಜು ಒಂದು ಕಡೆ ಎದ್ದಿದ್ದರೆ ಇವತ್ತೇ ಚಾರ್ಜ್ ಹಾಕುವುದನ್ನು ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಹೊಸದು ಕೊಳ್ಳುವ ಮುಂಚೆ ಹತ್ತಿರದ ರಿಪೇರಿ ಅಂಗಡಿಯ ಹುಡುಗನನ್ನು ಒಮ್ಮೆ ಕೇಳಿ.

ಇತಿ ತಮ್ಮ ಅಂಟಿಗೆ ಸಿಕ್ಕಿಕೊಂಡಿರುವ,
ನಂದಗುಡಿ ಹೋಬಳಿಯ ಒಬ್ಬ ಗಿರಾಕಿ