ಚಪ್ಪರದ ಭಾವ

ಕೆದಂಬಾಡಿಯ ಚಪ್ಪರದ ಭಾವನನ್ನು ಮದುವೆಮನೆಯಲ್ಲಿ ಗುರುತಿಸುವುದು ಸುಲಭ. ಎಲ್ಲರೂ ಮದುಮಗಳನ್ನು ನೋಡುತ್ತಿರುವಾಗ ತಲೆಯೆತ್ತಿ ಮಾಡು ನೋಡುತ್ತಿರುವವರು ಅವರೇ. ಊಟಕ್ಕೆ ಕೂತರೂ ಬಡಿಸುವವರ ಸಂದಿಯಲ್ಲಿ ಕಂಬದಿಂದ ಕಂಬಕ್ಕೆ ಎಷ್ಟು ಅಡಿ ಎಂದು ಕಣ್ಣಲ್ಲೇ ಅಳೆಯುತ್ತಾರೆ. ಇಂಥವರು ಕುಂಬ್ರದಲ್ಲೂ ಇದ್ದಾರೆ, ಬೆಳ್ಳಾರೆಯಲ್ಲೂ ಇದ್ದಾರೆ. ಆದರೆ ಮದುವೆಗೂ ಟೇಪು ತರುವವರು ನಮ್ಮ ಭಾವ ಮಾತ್ರ.

ಆಸೆ ದೊಡ್ಡದೇನಲ್ಲ. ಮನೆಯ ಹೊರಗೆ ನೆರಳಲ್ಲಿ ಒಂದು ಬೆಂಚು, ಸಂಜೆಯ ಚಹಾ, ಪೇಪರು. ತೊಡಕಿರುವುದು ಜಾಗದಲ್ಲಿ. ದೀಪಾವಳಿ ಕಳೆಯಿತೆಂದರೆ ಎದುರಿನ ಅಂಗಳ ಅಡಿಕೆಯ ಪಾಲು. ಚಾಲಿ ಒಣಗಲು 40 ದಿನಕ್ಕೂ ಹೆಚ್ಚು ಬಿಸಿಲು ಬೇಕು. ಒಂದು ಕೊಯ್ಲು ಒಣಗುವಷ್ಟರಲ್ಲಿ ಇನ್ನೊಂದು ಬಂದು ಬೀಳುತ್ತದೆ. ಅಲ್ಲಿ ನೆರಳು ಮಾಡುತ್ತೇನೆಂದರೆ ಅಕ್ಕ ಬಿಟ್ಟಾಳಾ? ಪತ್ತನಾಜೆ ದಾಟಿದರೆ ಅದೇ ಅಂಗಳ ಮಳೆಯ ಪಾಲು. ಹಾಗಾಗಿ ಪ್ಲಾನು ಹಿತ್ತಿಲಿಗೆ, ಬಾವಿಕಟ್ಟೆಯ ಬದಿಗೆ ಸರಿದಿದೆ. ಸರಿದಿರುವುದು ಪ್ಲಾನು ಮಾತ್ರ.

ಮಾಡಿಗೆ ಏನು ಹಾಕುವುದೆಂದು ಕೇಳಿ ನೋಡಿ, ಭಾವ ಚಹಾ ಲೋಟ ಕೆಳಗಿಡುತ್ತಾರೆ. ‘ಅಡಿಕೆಮರದ ಕಂಬ ಚಂದವೇ. ಮಣ್ಣಲ್ಲಿ ಹೂತರೆ ಒರಲೆ ಬಿಡ್ತದಾ? ಬುಡ ಕುಂಬಾಗ್ತದೆ. ಮಡಲು ತಂಪು, ಆದರೆ ವರ್ಷ ವರ್ಷ ಹೆಣೆಯುವವರು ಎಲ್ಲಿದ್ದಾರೆ ಮಾರಾಯ? ತಗಡಿನ ಶೀಟು ಬಾಳಿಕೆ ಬರ್ತದೆ. ಮಧ್ಯಾಹ್ನ ಅಡಿಯಲ್ಲಿ ಕೂತರೆ ನಾವೇ ಚಾಲಿ, ಆಟಿಯ ಮಳೆಗೆ ಫೋನು ಕೇಳುವುದಿಲ್ಲ. ಗ್ರೀನ್ ನೆಟ್ ಬಿಸಿಲು ತಡೀತದೆ, ಮಳೆಯನ್ನು ಸೋಸಿ ಕೊಡ್ತದೆ.’ ಇಳಿಬಿಸಿಲೂ ಎರಚಲೂ ಪಡುವಣದಿಂದಲೇ ಬರುವುದು, ಆ ಬದಿ ಮಾಡು ತಗ್ಗಿರಲಿ, ನೀರು ಮನೆಯ ಗೋಡೆಯ ಕಡೆ ತಿರುಗಬಾರದು ಎಂಬಲ್ಲಿಗೆ ಕ್ಯಾಂಪ್ಕೋ ಚೀಟಿಯ ಹಿಂಬದಿ ತುಂಬಿರುತ್ತದೆ. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಅದೇ ಕಷ್ಟ!

ಕೆಲಸ ಶುರುವಾಗುವುದು ಏಪ್ರಿಲ್ 17ರ ಪುತ್ತೂರು ತೇರಿಗೆ ಮೊದಲು. ತೇರು ಕಳೆದರೆ ಪತ್ತನಾಜೆಗೆ ಮೊದಲು. ಆಮೇಲೆ ಮಳೆ ಬಿಡಬೇಕು, ಮಳೆ ಬಿಟ್ಟರೆ ಅಡಿಕೆಗೆ ರೇಟು ಬರಬೇಕು. ರೇಟು ಬಂದ ವರ್ಷ ಕಬ್ಬಿಣಕ್ಕೂ ರೇಟು ಬಂದಿರುತ್ತದೆ.

ಈ ನಡುವೆ ಅಕ್ಕ ಬಸಳೆ ನೆಟ್ಟಳು. ಬಳ್ಳಿ ಮೇಲೆದ್ದ ಮಧ್ಯಾಹ್ನ ನಾಲ್ಕು ಗೂಟ ಊರಿ, ಅಡಿಕೆಯ ಸಲಕೆ ಅಡ್ಡ ಕಟ್ಟಿ, ಮೇಲೆ ಒಂದಿಷ್ಟು ಕಡ್ಡಿ ಹರಡಿ ಸಂಜೆಗೆ ಕೈತೊಳೆದಳು. ಅಳತೆಯಿಲ್ಲ, ಚರ್ಚೆಯಿಲ್ಲ. ಈಗ ಅದರಡಿಯಲ್ಲಿ ಮಣೆ ಹಾಕಿ ತರಕಾರಿ ಹೆಚ್ಚುತ್ತಾಳೆ, ನಾಯಿ ಮಲಗುತ್ತದೆ, ನೆಂಟರು ಬಂದರೆ ಅಲ್ಲಿಗೇ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಭಾವನೂ ಸೊಂಟ ಬಗ್ಗಿಸಿ ಒಳನುಗ್ಗಿ, ತಲೆಗೆ ತಾಗಿದ ಎಲೆ ಸರಿಸಿ, ಪ್ಲಾನಿನ ಚೀಟಿ ಬಿಡಿಸುತ್ತಾರೆ. ‘ಇದು ಬಸಳೆಯ ಚಪ್ಪರ, ಮನುಷ್ಯರದ್ದಲ್ಲ’ ಎಂದು ನಮಗೆ ಎಚ್ಚರಿಕೆಯನ್ನೂ ಕೊಡುತ್ತಾರೆ.

ತಮಾಷೆ ಬೇಡ, ಅವರ ಲೆಕ್ಕ ನೋಡಿ ಶೀಟು ಹಾಕಿಸಿದ ನೆರೆಮನೆಗಳಲ್ಲಿ ಒಂದು ಹನಿ ಸೋರುವುದಿಲ್ಲ. ನೀವೂ ಹಿತ್ತಿಲಲ್ಲಿ ನೆರಳು ಮಾಡಿಸುವುದಿದ್ದರೆ ಪೈಪು ತರುವ ಮೊದಲು ಭಾವನನ್ನು ಕರೆಯಿರಿ. ಅವರು ಕಾಸು ಕೇಳುವವರಲ್ಲ. ಬೆಳಿಗ್ಗೆ ಕರೆದರೆ ಮಧ್ಯಾಹ್ನದ ಊಟಕ್ಕೆ ಒಂದು ಎಲೆ ಹೆಚ್ಚು ಹಾಕಿ, ಅಷ್ಟೇ.